ಕೊಳವೆಯೊಳಗಿನ ಕೂದಲೆಳೆ

ಹೈದರಾಬಾದಿನಲ್ಲಿ ಸಿಟಿ ಬಸ್ ಹತ್ತಿ ಗೊತ್ತಿರುವವರಿಗೆಲ್ಲ ‘ಇಸಿಐಎಲ್ ಎಕ್ಸ್ ರೋಡ್ಸ್’ ಎಂಬ ಬೋರ್ಡ್ ಗೊತ್ತು. ಆ ನಾಲ್ಕಕ್ಷರದ ಅರ್ಥ ಕೇಳಿದರೆ ಮಾತ್ರ ಹತ್ತು ವರ್ಷದಿಂದ ಅಲ್ಲೇ ಬಾಡಿಗೆಗಿರುವವರೂ ಒಂದು ಕ್ಷಣ ತಡವರಿಸುತ್ತಾರೆ. ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ. 1967ರಲ್ಲಿ ಅಣುಶಕ್ತಿ ಇಲಾಖೆಯ ಅಡಿಯಲ್ಲಿ ಹುಟ್ಟಿದ ಸಂಸ್ಥೆ. ನಮ್ಮ ಬೆಂಗಳೂರಿನ ಬಿಇಎಲ್ ಬಿಟ್ಟರೆ ದೇಶದ ಮತಯಂತ್ರ ತಯಾರಿಸುವ ಇನ್ನೊಂದು ಕಾರ್ಖಾನೆ ಇದು. ಅದನ್ನು ಕಟ್ಟಿ ಬೆಳೆಸಿದ ಎ.ಎಸ್. ರಾವ್ ಅವರ ಹೆಸರೇ ಪಕ್ಕದ ಎ.ಎಸ್. ರಾವ್ ನಗರಕ್ಕೆ. ನಮ್ಮ ಕನ್ನಡದ ಮನೆಗಳು ಅಲ್ಲಿ ಸಾಕಷ್ಟಿವೆ. ರವಿವಾರ ಸಂಜೆ ತರಕಾರಿ ಅಂಗಡಿಯ ಮುಂದೆ ನಿಂತರೆ ಧಾರವಾಡದ ಕನ್ನಡವೂ ಕಿವಿಗೆ ಬೀಳುತ್ತದೆ, ರಾಯಚೂರಿನದೂ ಬೀಳುತ್ತದೆ.

ಅದೇ ನೆರೆಯಲ್ಲಿ, ಉದ್ದ ಕಾಂಪೌಂಡ್ ಗೋಡೆಯ ಹಿಂದೆ, 1971ರಲ್ಲಿ ಶುರುವಾದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ಇದೆ. ಎಲ್ಲರ ಬಾಯಲ್ಲಿ ಎನ್‌ಎಫ್‌ಸಿ. ಕೈಗಾದ ರಿಯಾಕ್ಟರುಗಳು ಉಣ್ಣುವ ಯುರೇನಿಯಂ ಕಡ್ಡಿಗಳ ಕಟ್ಟುಗಳು ತಯಾರಾಗುವುದು ಇಲ್ಲಿ. ಆ ಕಟ್ಟುಗಳು ಕೂರುವ ಜಿರ್ಕೋನಿಯಂ ಕೊಳವೆಗಳೂ ಇಲ್ಲಿಯವೇ. ರಿಯಾಕ್ಟರಿಗೆ ಬೇಕಾದ ಭಾರಜಲದ ದೊಡ್ಡ ಕಾರ್ಖಾನೆ ಇದೇ ತೆಲಂಗಾಣದ ಮಣುಗೂರಿನಲ್ಲಿದೆ. ಬೇಗಂಪೇಟೆಯಲ್ಲಿ ಅಣು ಖನಿಜ ನಿರ್ದೇಶನಾಲಯದ ಕೇಂದ್ರ ಕಚೇರಿ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯ ನೆಲದಡಿ ಯುರೇನಿಯಂ ಇದೆ ಎಂದು ಹುಡುಕಿದವರು ಅವರು. ಬಿರಿಯಾನಿ, ಮುತ್ತು, ಸಾಫ್ಟ್‌ವೇರ್ ಎಂದು ನಾವು ಊರಿಗೆ ಹೋದಾಗ ಹೇಳುವ ಹೈದರಾಬಾದಿನ ಪಟ್ಟಿಯಲ್ಲಿ ಇದ್ಯಾವುದೂ ಇರುವುದಿಲ್ಲ.

ನಾನು ಕುಮಟೆಯವಳು. ನಮ್ಮ ಕಡೆ ಕೈಗಾ ಎಂದರೆ ಮದುವೆ ಮನೆಯಲ್ಲೂ ಜಗಳಕ್ಕೆ ಬರುವ ವಿಷಯ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಅದರ ವಿರುದ್ಧ ಊರೂರು ಸುತ್ತಿದ್ದು, 1989ರಲ್ಲಿ ಲೋಕಸಭೆಗೆ ನಿಂತು ಸೋತದ್ದು ನಮ್ಮ ಮನೆಯ ಹಿರಿಯರಿಗೆಲ್ಲ ನೆನಪಿದೆ. 1994ರ ಮೇ 13ರಂದು ಕಟ್ಟುತ್ತಿದ್ದ ಮೊದಲ ಘಟಕದ ಒಳ ಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಾಗ ನಾನು ಚಿಕ್ಕವಳು. ‘ಬಿದ್ದೋಯ್ತಡ’ ಎಂಬ ಒಂದೇ ಮಾತು ಬೀದಿಯಲ್ಲಿ ಓಡಾಡಿದ್ದು ನೆನಪಿದೆ. ಆಮೇಲೆ ಅದೇ ಒಂದನೇ ಘಟಕ 2018ರ ಡಿಸೆಂಬರ್ ಕೊನೆಯವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿ ಜಗತ್ತಿನ ದಾಖಲೆ ಮಾಡಿತು. ಎರಡೂ ನಿಜ. ಜಗಳವಾಡುವವರು ತಮಗೆ ಬೇಕಾದ ಒಂದನ್ನು ಹಿಡಿದುಕೊಳ್ಳುತ್ತಾರೆ.

ನನಗೆ ಈ ಜಗಳಕ್ಕಿಂತ ಚಿಕ್ಕದೊಂದು ಪ್ರಶ್ನೆ ಕೆಲಸದ ದೆಸೆಯಿಂದ ಗಂಟುಬಿದ್ದಿದೆ. 962 ದಿನ ಬಿಸಿನೀರು ಹರಿದ ಕೊಳವೆ ಒಳಗೆ ಹೇಗಿರುತ್ತದೆ, ಅದು ನಮಗೆ ಹೇಗೆ ಗೊತ್ತಾಗುತ್ತದೆ ಎಂಬುದು.

ಆಸ್ಪತ್ರೆಯಿಂದ ಕಾರ್ಖಾನೆಗೆ

ನಾನು ಎಂ.ಟೆಕ್ ಮುಗಿಸಿ ಈ ಊರಿಗೆ ಬಂದದ್ದು ಆಸ್ಪತ್ರೆಗಳ ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗಳನ್ನು ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಬರೆಯಲು. ಡಾಕ್ಟರ್ ಬಳಿ ಹೋದಾಗ ಅವರು ಮೌಸ್ ಆಡಿಸುತ್ತ ನಿಮ್ಮ ಶ್ವಾಸಕೋಶವನ್ನು ಕಪ್ಪು ಬಿಳಿ ಮಾಡುತ್ತಾರಲ್ಲ, ಅದೇ. ಆ ಚಿತ್ರಗಳು ‘ಡೈಕಾಮ್’ ಎಂಬ ಒಂದು ಒಪ್ಪಂದದ ರೂಪದಲ್ಲಿ ಉಳಿಯುತ್ತವೆ. ಯಾವ ಕಂಪನಿಯ ಯಂತ್ರದಲ್ಲಿ ತೆಗೆದರೂ ಯಾವ ಆಸ್ಪತ್ರೆಯಲ್ಲೂ ತೆರೆಯಬೇಕು. ಚಿತ್ರದ ಜೊತೆಗೇ ರೋಗಿಯ ಹೆಸರು, ದಿನಾಂಕ, ಯಂತ್ರದ ವಿವರ ಅಂಟಿಕೊಂಡಿರಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ತಂಡದ ಮೇಜಿಗೆ ‘ಡೈಕಾಂಡೆ’ ಎಂಬ ಹೊಸ ಹೆಸರು ಬಂತು. ಡೈಕಾಮನ್ನೇ ಕಾರ್ಖಾನೆಗೆ ಒಗ್ಗಿಸಿಕೊಂಡದ್ದು. ರೋಗಿಯ ಹೆಸರಿನ ಜಾಗದಲ್ಲಿ ಬಿಡಿಭಾಗದ ಹೆಸರು, ವಯಸ್ಸಿನ ಜಾಗದಲ್ಲಿ ತಯಾರಾದ ದಿನ, ಎಲುಬಿನ ಜಾಗದಲ್ಲಿ ಉಕ್ಕು. ಹಾಗೆ ನಾನು ಬಾಯ್ಲರ್, ವಾಲ್ವ್, ಪೈಪು ಮಾಡುವ ವರ್ಕ್‌ಶಾಪುಗಳ ಲೋಕಕ್ಕೆ ಬಂದೆ. ಅಲ್ಲಿ ತಯಾರಾಗುವ ಮಾಲು ಸಕ್ಕರೆ ಕಾರ್ಖಾನೆಗೂ ಹೋಗುತ್ತದೆ, ತೈಲ ಶುದ್ಧೀಕರಣಕ್ಕೂ ಹೋಗುತ್ತದೆ, ಕೆಲವು ಆರ್ಡರುಗಳು ಅಣುಸ್ಥಾವರದ್ದೂ ಇರುತ್ತವೆ.

ಲೋಹದ ಎಕ್ಸ್‌ರೇ ಹೊಸದೇನಲ್ಲ. ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಈ ಕಿರಣ ಕಂಡುಹಿಡಿದ ಮೇಲೆ ಹೆಂಡತಿಯ ಕೈಯ ಚಿತ್ರ ತೆಗೆದದ್ದು ಎಲ್ಲರಿಗೂ ಗೊತ್ತು. ತನ್ನ ಬೇಟೆಯ ಬಂದೂಕಿನ ಚಿತ್ರವನ್ನೂ ತೆಗೆದಿದ್ದ. ಕೈಯ ಚಿತ್ರ ವೈದ್ಯಕೀಯಕ್ಕೆ ಹೋಯಿತು, ಬಂದೂಕಿನದು ನಮ್ಮ ಕಡೆಗೆ ಬಂತು.

ಕಾರ್ಖಾನೆಯಲ್ಲಿ ಈ ಕೆಲಸ ಸಾಮಾನ್ಯವಾಗಿ ರಾತ್ರಿ ನಡೆಯುತ್ತದೆ. ಉಳಿದವರೆಲ್ಲ ಮನೆಗೆ ಹೋದ ಮೇಲೆ ಹಗ್ಗ ಕಟ್ಟಿ, ಕೆಂಪು ದೀಪ ಹಚ್ಚಿ, ವಿಕಿರಣದ ಮೂರು ರೆಕ್ಕೆಯ ಚಿಹ್ನೆ ತೂಗುಹಾಕಿ, ಕೈಯಲ್ಲಿ ಮೀಟರ್ ಹಿಡಿದು ಒಬ್ಬರು ಸುತ್ತು ಬರುತ್ತಾರೆ. ಎದೆಯ ಮೇಲೆ ಡೋಸ್ ಅಳೆಯುವ ಬ್ಯಾಡ್ಜ್. ದಪ್ಪ ಉಕ್ಕಿಗೆ ಎಕ್ಸ್‌ರೇ ಟ್ಯೂಬಿನ ಬದಲು ಇರಿಡಿಯಂ-192 ಎಂಬ ವಿಕಿರಣ ಮೂಲವನ್ನು ಬಳಸುವುದು ಹೆಚ್ಚು. ಕಾಳಿನಷ್ಟು ಚಿಕ್ಕ ಲೋಹದ ತುಣುಕು, ಭಾರದ ಡಬ್ಬಿಯೊಳಗೆ ಕೂತಿರುತ್ತದೆ. ದೂರದಿಂದ ಹಿಡಿಕೆ ತಿರುಗಿಸಿದರೆ ಕೇಬಲ್ ತುದಿಯಲ್ಲಿ ಹೊರಗೆ ಬರುತ್ತದೆ, ಕೆಲಸ ಮುಗಿದ ಮೇಲೆ ಒಳಗೆ ಹೋಗುತ್ತದೆ. ಟ್ಯೂಬಿಗಾದರೆ ಸ್ವಿಚ್ಚಿದೆ, ಆರಿಸಿದರೆ ಆರುತ್ತದೆ. ಇರಿಡಿಯಂ ಆರುವುದಿಲ್ಲ, 74 ದಿನಕ್ಕೆ ಅರ್ಧವಾಗುತ್ತ ಹೋಗುತ್ತದೆ ಅಷ್ಟೆ. 2010ರಲ್ಲಿ ದಿಲ್ಲಿಯ ಮಾಯಾಪುರಿಯ ಗುಜರಿ ಅಂಗಡಿಯಲ್ಲಿ, ಇನ್ನೊಂದು ಬಗೆಯ ಯಂತ್ರದಿಂದ ಬಂದ ಕೋಬಾಲ್ಟ್-60 ಅನ್ನು ಏನೆಂದು ತಿಳಿಯದೆ ಬಿಚ್ಚಿ ಒಬ್ಬರು ಸತ್ತದ್ದು ಈ ಕಸುಬಿನವರೆಲ್ಲ ಹೊಸಬರಿಗೆ ಹೇಳುವ ಕತೆ.

ಕೊಳವೆಯ ಒಂದು ಬದಿಗೆ ಮೂಲ, ಇನ್ನೊಂದು ಬದಿಗೆ ಫಿಲ್ಮ್. ಉಕ್ಕು ತೆಳುವಾದಲ್ಲಿ ಹೆಚ್ಚು ಕಿರಣ ದಾಟಿ ಫಿಲ್ಮ್ ಹೆಚ್ಚು ಕಪ್ಪಾಗುತ್ತದೆ. ಬೆಸುಗೆಯೊಳಗೆ ಗಾಳಿಗುಳ್ಳೆಯಿದ್ದರೆ ಕಪ್ಪು ಚುಕ್ಕಿ, ಬಿರುಕಿದ್ದರೆ ಕಪ್ಪು ಗೆರೆ. ನಂತರ ಕತ್ತಲೆ ಕೋಣೆ, ಡೆವಲಪರ್, ಫಿಕ್ಸರ್, ತೊಳೆತ, ಒಣಗಿಸುವಿಕೆ. ಚಿತ್ರ ಸರಿ ಬಂದಿಲ್ಲ ಎಂದು ಗೊತ್ತಾಗುವುದು ಅಷ್ಟಾದ ಮೇಲೆ, ಮತ್ತೆ ಮೊದಲಿಂದ. ಡಿಜಿಟಲ್ ಫಲಕದಲ್ಲಿ ಕೆಲವೇ ಸೆಕೆಂಡಿಗೆ ಚಿತ್ರ ಪರದೆಯ ಮೇಲೆ. ಕಡಿಮೆ ಹೊತ್ತು ಮೂಲ ಹೊರಗಿದ್ದರೆ ಸಾಕು, ಅಂದರೆ ಕೆಲಸಗಾರರಿಗೂ ಕಡಿಮೆ ಡೋಸ್. ನಮ್ಮ ಮಾರ್ಕೆಟಿಂಗ್‌ನವರು ಇಲ್ಲಿಗೆ ಸ್ಲೈಡ್ ನಿಲ್ಲಿಸಿ ಟೀ ತರಿಸುತ್ತಾರೆ.

ಬಾಗಿಲ ಸಂದು

ನಮ್ಮ ಸಾಫ್ಟ್‌ವೇರನ್ನು ಪರೀಕ್ಷಿಸಲು ಕಂಪನಿಯವರು ನಿವೃತ್ತ ರೇಡಿಯೋಗ್ರಾಫರ್ ಒಬ್ಬರನ್ನು ಕರೆತಂದರು. ಭದ್ರಾವತಿಯವರು. ಉಕ್ಕಿನ ಕಾರ್ಖಾನೆಯ ಹೊಗೆ ಕಂಡು ಬೆಳೆದು, ದೇಶದ ಹತ್ತಾರು ಕಡೆ ರಾತ್ರಿಪಾಳಿ ಮಾಡಿ, ಮಗನ ಮನೆಯೆಂದು ಹೈದರಾಬಾದಿಗೆ ಬಂದು ನೆಲೆಸಿದವರು. ಮೊದಲ ದಿನವೇ ನಾನು ಬಿರುಕು ಪತ್ತೆಯ ಡೆಮೊ ತೋರಿಸಲು ಕೂತಾಗ ಕನ್ನಡಕ ಸರಿಮಾಡಿಕೊಂಡು, “ನೋಡಮ್ಮಾ, ಮೊದ್ಲು ಒಂದು ತಿಳ್ಕೋ. ಎಕ್ಸ್‌ರೇಗೆ ಬಿರುಕು ಅಂದ್ರೆ ಅಷ್ಟಕ್ಕಷ್ಟೇ” ಎಂದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಳೇ ಮನೆಯ ಎರಡು ಹಲಗೆಯ ಬಾಗಿಲು ನೆನಪಿಸಿಕೊಳ್ಳಿ. ನೇರ ಎದುರಿಗೆ ನಿಂತರೆ ಎರಡು ಹಲಗೆಯ ನಡುವಿನ ಸಂದಿಯಲ್ಲಿ ಅಂಗಳದ ಬೆಳಕು ಗೆರೆಯಾಗಿ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಗೆರೆ ಮಾಯ. ಬಾಗಿಲು ಗಟ್ಟಿ ಮುಚ್ಚಿದಂತೆ. ಬಿರುಕೂ ಹಾಗೆ. ಅದರ ಬಾಯಿ ಕೂದಲೆಳೆಗಿಂತ ಕಿರಿದು, ಆದರೆ ಆಳ ಒಂದೆರಡು ಮಿಲಿಮೀಟರು ಇರಬಹುದು. ಕಿರಣ ಆ ಆಳದ ಜೊತೆಜೊತೆಗೇ ಸಾಗಿದರೆ ಮಾತ್ರ ಉಕ್ಕು ಅಷ್ಟು ಕಡಿಮೆಯಿರುವುದು ಫಿಲ್ಮಿಗೆ ಗೊತ್ತಾಗುತ್ತದೆ. ಹತ್ತು ಹದಿನೈದು ಡಿಗ್ರಿ ಓರೆಯಾದರೆ ಕೂದಲೆಳೆಯ ಅಗಲವಷ್ಟೇ ಲೆಕ್ಕಕ್ಕೆ. ಚಿತ್ರ ಸ್ವಚ್ಛ, ರಿಪೋರ್ಟ್ ಸ್ವಚ್ಛ.

ಹಾಗಾಗಿ ಓಡುತ್ತಿರುವ ಸ್ಥಾವರಗಳಲ್ಲಿ ಬಿರುಕಿಗೆ ಮೊದಲು ನೆಚ್ಚುವುದು ಶ್ರವಣಾತೀತ ಧ್ವನಿಯನ್ನು, ಹೊಟ್ಟೆಯೊಳಗಿನ ಮಗುವನ್ನು ನೋಡುವ ಅದೇ ಅಲ್ಟ್ರಾಸೌಂಡ್. ಅದಕ್ಕೆ ಬಿರುಕೆಂದರೆ ಗೋಡೆ, ತಾಗಿ ಪ್ರತಿಧ್ವನಿ ಬರುತ್ತದೆ. ಎಕ್ಸ್‌ರೇಯ ಬಲ ಬೇರೆ ಕಡೆ: ಬೆಸುಗೆಯ ಗುಳ್ಳೆ, ಒಳಗುಳಿದ ಕಿಟ್ಟ, ತುಂಬದೇ ಹೋದ ಬೇರು, ಮತ್ತು ಸವೆದ ಗೋಡೆ. ಕೊಳವೆಯ ಅಂಚನ್ನು ಉಜ್ಜಿಕೊಂಡು ಹೋಗುವಂತೆ ಕಿರಣ ಬಿಟ್ಟರೆ ಗೋಡೆಯ ದಪ್ಪ ನೆರಳಾಗಿ ಕಾಣುತ್ತದೆ, ಅದನ್ನು ಪರದೆಯ ಮೇಲೆ ಅಳೆಯಬಹುದು. ಮೇಲೆ ಸುತ್ತಿದ ಶಾಖರೋಧಕ ಹೊದಿಕೆ ಬಿಚ್ಚಬೇಕಿಲ್ಲ. ವಿಕಿರಣವಿರುವ ಜಾಗದಲ್ಲಿ ಹೊದಿಕೆ ಬಿಚ್ಚಿ ಮತ್ತೆ ಕಟ್ಟುವುದೆಂದರೆ ಯಾರೋ ಅಲ್ಲಿ ಅಷ್ಟು ಹೊತ್ತು ನಿಲ್ಲಬೇಕು. ಅದು ಉಳಿಯುವುದು ದೊಡ್ಡ ಲಾಭ.

ರಿಯಾಕ್ಟರಿನ ಗರ್ಭದ ಹತ್ತಿರ ಮಾತ್ರ ಎಕ್ಸ್‌ರೇ ಆಟ ನಡೆಯುವುದಿಲ್ಲ. ಕೈಗಾದಂಥ 220 ಮೆಗಾವಾಟಿನ ಘಟಕದಲ್ಲಿ 306 ಇಂಧನ ಕೊಳವೆಗಳಿವೆ. ಒಂದೊಂದಕ್ಕೂ ಎರಡು ತುದಿಯಲ್ಲಿ ಭಾರಜಲ ಒಯ್ಯುವ ಉಕ್ಕಿನ ಕೊಳವೆ, ಅಂದರೆ 612. ಒಂದರ ಮೇಲೊಂದು ಹೆಣೆದ ಬಿಳಲುಗಳ ಹಾಗೆ. ಯಂತ್ರ ನಿಲ್ಲಿಸಿದ ಮೇಲೂ ಅಲ್ಲಿ ಸುತ್ತೆಲ್ಲ ಗಾಮಾ ಕಿರಣ ಇರುತ್ತದೆ. ನಾವು ಚಿತ್ರ ತೆಗೆಯುವ ಮೊದಲೇ ಫಿಲ್ಮ್ ಮಂಜು ಕವಿದು ಕೂರುತ್ತದೆ, ಡಿಜಿಟಲ್ ಫಲಕಕ್ಕೂ ಅದೇ ಗತಿ. ಅದಕ್ಕೇ ಬಾಬಾ ಅಣು ಸಂಶೋಧನಾ ಕೇಂದ್ರದವರು ಇಂಧನ ಕೊಳವೆಯ ಒಳಗೇ ಹೋಗಿ ಅಲ್ಟ್ರಾಸೌಂಡ್ ಮತ್ತು ಸುಳಿವಿದ್ಯುತ್ತಿನಿಂದ ತಡವಿ ನೋಡುವ ಯಂತ್ರ ಮಾಡಿದರು. ಅದರ ಹೆಸರು ಬಾರ್ಸಿಸ್.

ಅಷ್ಟಿದ್ದೂ 2016ರ ಮಾರ್ಚ್ 11ರ ಬೆಳಿಗ್ಗೆ ಗುಜರಾತಿನ ಕಾಕ್ರಾಪಾರದ ಒಂದನೇ ಘಟಕದಲ್ಲಿ ಒಂದು ಇಂಧನ ಕೊಳವೆ ಸೀಳಿ ಭಾರಜಲ ಸೋರಿತು. ಫುಕುಶಿಮಾದ ಐದನೇ ವರ್ಷದ ದಿನವೇ. ರಿಯಾಕ್ಟರ್ ತಾನಾಗಿ ನಿಂತಿತು. ಕೆಲವೇ ವರ್ಷಗಳ ಹಿಂದೆ ಹೊಸದಾಗಿ ಹಾಕಿದ ಕೊಳವೆಗಳವು. ಸೀಳಿದ್ದನ್ನು ತೆಗೆದು ಮುಂಬಯಿಗೆ ಒಯ್ದು ನೋಡಿದಾಗ ಹೊರಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ತುಕ್ಕು ಕಂಡಿತು. ಕೊಳವೆಯ ಸುತ್ತ ಹರಿಯುವ ಇಂಗಾಲದ ಡೈಆಕ್ಸೈಡಿನ ಶುದ್ಧತೆಯ ಮೇಲೆ ಅನುಮಾನ ಹೋಯಿತು. ಘಟಕ ಮತ್ತೆ ಶುರುವಾದದ್ದು 2019ರಲ್ಲಿ. ಕೊಳವೆ ಗಟ್ಟಿಯಾಗಿದ್ದರೂ ಸುತ್ತಣ ಗಾಳಿ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಯಾವ ಎಕ್ಸ್‌ರೇಯೂ ಮುಂಚಿತವಾಗಿ ಹೇಳಲಾರದು.

ಸತ್ತ ಚುಕ್ಕಿಗಳು

ಇನ್ನು ನನ್ನ ಅಂಗಳಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಡಿಜಿಟಲ್ ಫಲಕ ಎಂದರೆ ಲಕ್ಷಾಂತರ ಪುಟ್ಟ ಕಣ್ಣುಗಳ ಚೌಕ. ಎರಡು ಸಾವಿರಕ್ಕೆ ಎರಡು ಸಾವಿರ ಎಂದರೆ 40 ಲಕ್ಷ. ಎಲ್ಲ ಕಣ್ಣೂ ನೆಟ್ಟಗಿರುವುದಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಕೆಲವು ಕುರುಡು, ಕಿರಣ ತಿಂದು ತಿಂದು ಇನ್ನಷ್ಟು ಕುರುಡಾಗುತ್ತವೆ. ಸಾಫ್ಟ್‌ವೇರ್ ಏನು ಮಾಡುತ್ತದೆಂದರೆ, ಸತ್ತ ಚುಕ್ಕಿಯ ಅಕ್ಕಪಕ್ಕದವರನ್ನು ಕೇಳಿ ಸರಾಸರಿ ತೆಗೆದು ಆ ಜಾಗ ತುಂಬುತ್ತದೆ. ಒಂಟಿ ಚುಕ್ಕಿಯಾದರೆ ತೊಂದರೆಯಿಲ್ಲ. ನಾಲ್ಕೈದು, ಹತ್ತು ಒಟ್ಟಿಗೆ ಸಾಲಾಗಿ ಸತ್ತಿದ್ದರೆ? ಬಿರುಕು ಸರಿಯಾಗಿ ಆ ಸಾಲಿನ ಮೇಲೇ ಬಿದ್ದರೆ? ಸಾಫ್ಟ್‌ವೇರ್ ಅಕ್ಕಪಕ್ಕದ ಆರೋಗ್ಯವಂತ ಉಕ್ಕಿನ ಬಣ್ಣ ತಂದು ಬಿರುಕಿನ ಮೇಲೆ ಬಳಿದುಬಿಡುತ್ತದೆ. ಯಾರೂ ಮೋಸ ಮಾಡಿಲ್ಲ, ಎಲ್ಲ ನಿಯಮದಂತೆಯೇ ನಡೆದಿದೆ. ಇಂಥ ಗುಂಪುಗಳನ್ನು ಹೇಗೆ ಗುರುತಿಸಬೇಕು, ಎಂಥವು ಚಿಂತೆಗೆ ಅರ್ಹ ಎಂಬುದಕ್ಕೆ ಅಂತಾರಾಷ್ಟ್ರೀಯ ಮಾನದಂಡಗಳಿವೆ. ಅನುಮಾನ ಬಂದರೆ ಫಲಕವನ್ನು ಒಂದಿಷ್ಟು ಸರಿಸಿ ಮತ್ತೊಮ್ಮೆ ಚಿತ್ರ ತೆಗೆಯುವುದೇ ಮದ್ದು. ಆದರೆ ಅನುಮಾನ ಬರಬೇಕಾದರೆ ಅಲ್ಲಿ ಸತ್ತ ಚುಕ್ಕಿಗಳಿವೆ ಎಂದು ನೋಡುವವರಿಗೆ ಗೊತ್ತಿರಬೇಕಲ್ಲ!

ಭದ್ರಾವತಿಯವರಿಗೆ ಈ ವಿಷಯ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಚೀಲದಿಂದ ಹಳೆಯ ಫಿಲ್ಮ್ ಒಂದನ್ನು ತೆಗೆದು ಕಿಟಕಿಗೆ ಹಿಡಿದರು. ಮಧ್ಯದಲ್ಲಿ ಸಣ್ಣ ಗೆರೆ. “ಬಿರುಕಾ?” ಎಂದೆ. ಫಿಲ್ಮನ್ನು ಓರೆ ಮಾಡಿ ಬೆಳಕು ಮೇಲಿಂದ ಬೀಳುವಂತೆ ತಿರುಗಿಸಿದರು. ಗೆರೆ ಹೊಳೆಯಿತು. ಉಗುರು ತಾಗಿ ಆದ ಗೀರು, ಫಿಲ್ಮಿನ ಮೈಮೇಲಿನದು. “ಫಿಲ್ಮು ಸುಳ್ಳು ಹೇಳೋದಿಲ್ಲ ಅಂತಲ್ಲಮ್ಮಾ. ಹೇಳಿದ್ರೆ ಓರೆ ಹಿಡಿದು ನೋಡಿದ್ರೆ ಗೊತ್ತಾಗುತ್ತೆ. ನಿನ್ನ ಪರದೇನ ನಾನು ಹೇಗೆ ಓರೆ ಹಿಡೀಲಿ?”

ಆ ಪ್ರಶ್ನೆಗೆ ಉತ್ತರವಾಗಿ ನಮ್ಮ ತಂಡ ಒಂದು ಗುಂಡಿ ಮಾಡಿತು. ಒತ್ತಿದರೆ ಸಾಫ್ಟ್‌ವೇರ್ ಎಲ್ಲೆಲ್ಲಿ ತನ್ನ ಕಡೆಯಿಂದ ಬಣ್ಣ ಬಳಿದಿದೆಯೋ ಅಷ್ಟೂ ಕೆಂಪಾಗಿ ಕಾಣುತ್ತದೆ. ಅದು ಮೊದಲಿಂದಲೇ ತೆರೆದಿರಬೇಕು, ಬೇಡವೆಂದವರು ಮುಚ್ಚಲಿ ಎಂಬುದು ನನ್ನ ಹಟ. ಒಬ್ಬ ಗಿರಾಕಿಯಿಂದ ದೂರು ಬಂತು. ಪರದೆ ತುಂಬ ಕೆಂಪು ಚುಕ್ಕಿ ಕಂಡರೆ ಪರಿಶೀಲನೆಗೆ ಬರುವ ಇನ್‌ಸ್ಪೆಕ್ಟರು ಪ್ರಶ್ನೆ ಕೇಳುತ್ತಾರೆ, ಫಲಕ ಬದಲಿಸಿ ಎನ್ನುತ್ತಾರೆ, ಅದರ ಬೆಲೆ ಗೊತ್ತಾ ನಿಮಗೆ, ಎಂದು. ಬೆಲೆ ಗೊತ್ತಿತ್ತು. ಮೂರು ವಾರದ ಮೀಟಿಂಗುಗಳ ನಂತರ ರಾಜಿಯಾಯಿತು: ಗುಂಡಿ ಮುಚ್ಚಿಯೇ ಇರುತ್ತದೆ, ಆದರೆ ಸತ್ತ ಚುಕ್ಕಿಗಳ ನಕ್ಷೆ ಪ್ರತಿ ಚಿತ್ರದ ಫೈಲಿನೊಳಗೇ ಉಳಿಯುತ್ತದೆ, ರಿಪೋರ್ಟಿನ ಎರಡನೇ ಪುಟದಲ್ಲಿ ಅಚ್ಚಾಗುತ್ತದೆ, ಯಾರೂ ಅದನ್ನು ತೆಗೆಯುವಂತಿಲ್ಲ. ನನಗೆ ಇದು ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ಎರಡನೇ ಪುಟ ಓದುವವರು ಎಷ್ಟು ಮಂದಿ?

ಇನ್ನೊಂದು ಸಂಗತಿ ಬೂದುಬಣ್ಣದ್ದು. ಹದಿನಾರು ಬಿಟ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಗೆ 65,536 ಮೆಟ್ಟಿಲುಗಳಿವೆ. ಸಾಮಾನ್ಯ ಪರದೆ ಒಮ್ಮೆಗೆ ತೋರಿಸುವುದು 256. ಅಂದರೆ ಯಾವ ಹೊತ್ತಿಗೂ ಚಿತ್ರದ ಬಹುಪಾಲು ಸೂಕ್ಷ್ಮ ನಮ್ಮ ಕಣ್ಣಿಂದ ಆಚೆ ಇರುತ್ತದೆ; ಹಳೇ ರೇಡಿಯೋದಲ್ಲಿ ಮುಳ್ಳು ತಿರುಗಿಸಿ ಧಾರವಾಡ ಆಕಾಶವಾಣಿ ಹುಡುಕಿದ ಹಾಗೆ ಮೌಸ್ ಆಡಿಸಿ ಹುಡುಕಬೇಕು. ಬಿರುಕು ಫೈಲಿನಲ್ಲಿ ಇದ್ದೂ ಪರದೆಯಲ್ಲಿ ಇಲ್ಲದಿರಬಹುದು. ‘ಆಟೋ’ ಗುಂಡಿ ಒತ್ತಿ ಮುಂದಿನ ಚಿತ್ರಕ್ಕೆ ಹೋಗುವವರ ಬಗ್ಗೆ ಭದ್ರಾವತಿಯವರು ಆಡುವ ಮಾತನ್ನು ಇಲ್ಲಿ ಬರೆಯಲಾಗುವುದಿಲ್ಲ.

ಇದಕ್ಕೆಲ್ಲ ಹಳಬರು ಕಂಡುಕೊಂಡ ಉಪಾಯವೊಂದು ನನಗೆ ಬಹಳ ಇಷ್ಟ. ಚಿತ್ರ ತೆಗೆಯುವ ಮೊದಲು ಕೊಳವೆಯ ಮೇಲೆ ಕ್ರಮವಾಗಿ ಸಪೂರವಾಗುತ್ತ ಹೋಗುವ ತಂತಿಗಳ ಒಂದು ಪಟ್ಟಿ ಅಂಟಿಸುತ್ತಾರೆ. ಚಿತ್ರದಲ್ಲಿ ನಿಗದಿಯಾದ ಸಣ್ಣ ತಂತಿ ಕಾಣಲೇಬೇಕು. ಹಳೆಯ ರೂಢಿಯ ಲೆಕ್ಕ ಗೋಡೆಯ ದಪ್ಪದ ನೂರಕ್ಕೆ ಎರಡು ಪಾಲು. ತಂತಿ ಕಾಣದಿದ್ದರೆ ಆ ಚಿತ್ರದಲ್ಲಿ ದೋಷ ಕಾಣಲಿಲ್ಲ ಎನ್ನುವ ಮಾತಿಗೆ ಬೆಲೆಯಿಲ್ಲ, ಚಿತ್ರವೇ ತಿರಸ್ಕೃತ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಎಷ್ಟೋ ಡ್ಯಾಶ್‌ಬೋರ್ಡುಗಳಿಗೆ ಇಂಥದೊಂದು ತಂತಿ ಬೇಕಿತ್ತು ಎಂದು ನನಗೆ ಆಗಾಗ ಅನಿಸುತ್ತದೆ. ಈಗ ಎಲ್ಲೆಲ್ಲೂ ಕೇಳಿಬರುವ ಕೃತಕ ಬುದ್ಧಿಮತ್ತೆಯನ್ನೂ ಇದೇ ಕೆಲಸಕ್ಕೆ ಹಚ್ಚಲು ನೋಡುತ್ತಿದ್ದಾರೆ. ಗುಳ್ಳೆ ಎಣಿಸಲು ಅದು ಚೆನ್ನಾಗಿದೆ. ಬಿರುಕಿನ ನಿಜವಾದ ಮಾದರಿಗಳು ಪುಣ್ಯಕ್ಕೆ ಕಡಿಮೆ, ಹಾಗಾಗಿ ಅದಕ್ಕೆ ಪಾಠ ಹೇಳಲು ಬೇಕಾದಷ್ಟು ಚಿತ್ರಗಳೇ ಇಲ್ಲ.

ಪಟ್ಟಿಯಲ್ಲಿ ಇಲ್ಲದ ಕೊಳವೆ

ಕ್ಯಾಮೆರಾ ಎಷ್ಟೇ ಸೂಕ್ಷ್ಮವಾಗಿರಲಿ, ಅದನ್ನು ತಿರುಗಿಸದ ಕಡೆ ಏನೂ ಕಾಣುವುದಿಲ್ಲ. ಈ ಮಾತಿಗೆ ಜಪಾನಿನ ಮಿಹಾಮಾ ಸ್ಥಾವರದಷ್ಟು ಕಹಿ ಉದಾಹರಣೆ ಇನ್ನೊಂದಿಲ್ಲ.

2004ರ ಆಗಸ್ಟ್ 9. ಮಿಹಾಮಾದ ಮೂರನೇ ಘಟಕದ ಟರ್ಬೈನ್ ಕಟ್ಟಡದಲ್ಲಿ ವಾರ್ಷಿಕ ತಪಾಸಣೆಗೆ ಸಿದ್ಧತೆ ಮಾಡುತ್ತ ನೂರಕ್ಕೂ ಹೆಚ್ಚು ಜನ ಇದ್ದರು. ಅರ್ಧ ಮೀಟರಿಗೂ ಹೆಚ್ಚು ಅಗಲದ ಕೊಳವೆಯೊಂದು ಮೇಲುಗಡೆ ಇದ್ದಕ್ಕಿದ್ದಂತೆ ಸಿಡಿಯಿತು. ಒಳಗಿದ್ದದ್ದು ವಿಕಿರಣವಿಲ್ಲದ ನೀರು, ಆದರೆ ಸುಮಾರು 140 ಡಿಗ್ರಿ ಬಿಸಿ. ಐವರು ಸತ್ತರು, ಆರು ಮಂದಿ ಬೆಂದು ಗಾಯಗೊಂಡರು. ಆ ಕೊಳವೆಯ ಗೋಡೆ ಶುರುವಿನಲ್ಲಿ 10 ಮಿಲಿಮೀಟರ್ ದಪ್ಪ ಇತ್ತು; ಸಿಡಿದ ದಿನ ಅದು ತೀರಾ ತೆಳುವಾಗಿತ್ತು. ಬಿಸಿನೀರು ಸುಳಿ ತಿರುಗುತ್ತ ಹರಿಯುವ ಕಡೆ ಉಕ್ಕು ಹೀಗೆ ಒಳಗಿಂದೊಳಗೆ ಕರಗುವುದು ತಜ್ಞರಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. 1986ರಲ್ಲಿ ಅಮೆರಿಕದ ಸರ್ರಿ ಸ್ಥಾವರದಲ್ಲಿ ಇಂಥದೇ ಸವೆತದಿಂದ ನಾಲ್ವರು ಸತ್ತಿದ್ದರು. ಅಳೆಯುವ ಉಪಕರಣವೂ ಇತ್ತು. ಆದರೆ ಮಿಹಾಮಾದ ಆ ಜಾಗ ತಪಾಸಣೆಯ ಪಟ್ಟಿಯಲ್ಲೇ ಇರಲಿಲ್ಲ. 1976ರಲ್ಲಿ ಸ್ಥಾವರ ಶುರುವಾದ ಲಾಗಾಯ್ತು 28 ವರ್ಷ ಅದನ್ನು ಒಮ್ಮೆಯೂ ಅಳೆದಿರಲಿಲ್ಲ. ಪಟ್ಟಿಯಲ್ಲಿ ಬಿಟ್ಟುಹೋಗಿದೆ ಎಂದು 2003ರಲ್ಲಿ ಗೊತ್ತಾಯಿತು. ಮುಂದಿನ ನಿಲುಗಡೆಯಲ್ಲಿ ನೋಡೋಣ ಎಂದಿಟ್ಟುಕೊಂಡರು. ಆ ನಿಲುಗಡೆಗೆ ಇನ್ನು ಕೆಲವೇ ದಿನಗಳಿದ್ದವು.

ಡೇಟಾಬೇಸಿನಲ್ಲಿ ಒಂದು ಸಾಲು ಇಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಹೊಸ ಹುಡುಗರಿಗೆ ಹೇಳುವಾಗ ಈ ಕತೆ ಹೇಳುತ್ತೇನೆ. ಅವರು ಸಾಮಾನ್ಯವಾಗಿ ಮೊಬೈಲ್ ಕೆಳಗಿಡುವುದು ಆಗಲೇ.

ಚಿತ್ರ ಇದ್ದೂ ಅದು ಬೇರೆಯದ್ದಾಗಿರಬಹುದು. 1970ರ ದಶಕದಲ್ಲಿ ಅಲಾಸ್ಕಾದ ತೈಲ ಕೊಳವೆ ಮಾರ್ಗ ಹಾಕುವಾಗ ಒಂದು ಬೆಸುಗೆಯ ಫಿಲ್ಮನ್ನೇ ಇನ್ನೊಂದರದ್ದೆಂದು ತೋರಿಸಿದ್ದು ಬಯಲಾಗಿ ಸಾವಿರಾರು ಬೆಸುಗೆಗಳನ್ನು ಮತ್ತೆ ಪರಿಶೀಲಿಸಬೇಕಾಯಿತು. ಫಿಲ್ಮಿನ ಕಾಲದಲ್ಲಿ ಸೀಸದ ಅಕ್ಷರಗಳನ್ನು ಕೊಳವೆಯ ಮೇಲಿಟ್ಟು ಬೆಸುಗೆಯ ಸಂಖ್ಯೆ ಚಿತ್ರದಲ್ಲೇ ಮೂಡುವಂತೆ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಫೈಲಿನ ಹೆಸರು ಬದಲಿಸಲು ಎರಡು ಕ್ಲಿಕ್ ಸಾಕು. ಹಾಗಾಗಿ ಮೂಲ ಚಿತ್ರವನ್ನು ಯಾರೂ ಮುಟ್ಟದಂತೆ ಮುದ್ರೆಯೊತ್ತಿ ಇಡುವುದು, ಮೇಲೆ ಮಾಡಿದ ಪ್ರತಿ ತಿದ್ದುಪಡಿಯನ್ನು ಬೇರೆಯಾಗಿ ದಾಖಲಿಸುವುದು ನಮ್ಮ ಕೆಲಸದ ಅರ್ಧ ಭಾಗ. ಇಂಥ ಕೆಲಸಕ್ಕೆ ಬಡ್ತಿ ಸಿಗುವುದಿಲ್ಲ, ಆ ಮಾತು ಬೇರೆ.

ಹಳೆಯ ದಾಖಲೆ ಉಳಿಸಿಕೊಂಡರೆ ಎಂಥ ಉಪಯೋಗ ಎಂಬುದಕ್ಕೆ ಫ್ರಾನ್ಸಿನ ಉದಾಹರಣೆಯಿದೆ. 2021ರ ಕೊನೆಯಲ್ಲಿ ಸಿವೋ ಎಂಬಲ್ಲಿನ ಸ್ಥಾವರದ ಹತ್ತು ವರ್ಷದ ತಪಾಸಣೆಯಲ್ಲಿ, ಆಪತ್ಕಾಲದಲ್ಲಿ ರಿಯಾಕ್ಟರಿಗೆ ನೀರು ತುಂಬುವ ಕೊಳವೆಗಳ ಬೆಸುಗೆಯ ಹತ್ತಿರ ಅಲ್ಟ್ರಾಸೌಂಡಿಗೆ ಏನೋ ಸಿಕ್ಕಿತು. ಮೊದಲು ಬೇರೆ ಕಾರಣವೆಂದುಕೊಂಡರು. ಕೊಳವೆ ಕತ್ತರಿಸಿ ಪ್ರಯೋಗಾಲಯದಲ್ಲಿ ನೋಡಿದಾಗ ಒತ್ತಡ ಮತ್ತು ತುಕ್ಕು ಕೂಡಿ ಮಾಡಿದ ಬಿರುಕು. ಆಗ ಬೇರೆ ಸ್ಥಾವರಗಳ ಹಳೆಯ ತಪಾಸಣೆಯ ದಾಖಲೆಗಳನ್ನೆಲ್ಲ ಹೊರತೆಗೆದು, ಹಿಂದೆ ಬರೀ ಗದ್ದಲವೆಂದು ಬದಿಗಿಟ್ಟಿದ್ದ ಸಂಕೇತಗಳನ್ನು ಮತ್ತೆ ಓದಿದರು. ಒಂದರ ಹಿಂದೊಂದು ರಿಯಾಕ್ಟರ್ ನಿಂತವು. 2022ರಲ್ಲಿ ಫ್ರಾನ್ಸ್ ನಾಲ್ಕು ದಶಕದಲ್ಲಿ ಮೊದಲ ಬಾರಿಗೆ ಮಾರಿದ್ದಕ್ಕಿಂತ ಹೆಚ್ಚು ವಿದ್ಯುತ್ತನ್ನು ಹೊರಗಿಂದ ಕೊಳ್ಳಬೇಕಾಯಿತು.

ನಲವತ್ತು ವರ್ಷದ ಪೆಟ್ಟಿಗೆ

ಊರಿಗೆ ಹೋದಾಗ ಚಿಕ್ಕಪ್ಪ ಕೇಳುತ್ತಾರೆ, “ಹಂಗಾರೆ ನೀನು ಈಗ ಕೈಗಾದ ಪರವೋ, ವಿರೋಧವೋ?” ಕಾರಂತರ ಸಭೆಗಳಿಗೆ ಸೈಕಲ್ ತುಳಿದುಕೊಂಡು ಹೋದವರು ಅವರು. 2017ರಲ್ಲಿ ಅಲ್ಲಿಗೆ 700 ಮೆಗಾವಾಟಿನ ಇನ್ನೆರಡು ಘಟಕಗಳು ಮಂಜೂರಾದಾಗಿನಿಂದ ಈ ಪ್ರಶ್ನೆ ಜೋರಾಗಿದೆ. ನಾನು ಬೆಸುಗೆಯ ಲೆಕ್ಕ ಕೇಳುವ ಪಕ್ಷ ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ. ಸ್ಥಾವರ ಬೇಕೋ ಬೇಡವೋ ಎಂಬ ವಾದದಲ್ಲಿ ಎರಡೂ ಕಡೆಯವರು ಕೊಳವೆಯ ದಾಖಲೆಗಳ ಬಗ್ಗೆ ಕೇಳಿದ್ದನ್ನು ನಾನಂತೂ ನೋಡಿಲ್ಲ. ವಿರೋಧಿಸುವವರು ಅದನ್ನು ಕೇಳಿದರೆ ಅವರ ಮಾತಿಗೆ ಮೊನೆ ಬರುತ್ತದೆ. ನಡೆಸುವವರು ತಾವಾಗಿ ಹೇಳಿದರೆ ಅವರ ಮಾತಿಗೆ ತೂಕ ಬರುತ್ತದೆ.

ಸದ್ಯಕ್ಕೆ ನಮ್ಮ ತಂಡದ ಮುಂದಿರುವುದು ಹಿಂದಿನ ಕಾಲದ ಕೆಲಸ. ಇಂಥ ಕೊಳವೆಗಳ ಬೆಸುಗೆ ಚಿತ್ರಗಳನ್ನು ಸ್ಥಾವರ ಇರುವಷ್ಟು ಕಾಲ ಕಾಪಾಡುವ ಪದ್ಧತಿ. ಡಿಜಿಟಲ್ ಬರುವ ಮುಂಚೆ ಕಟ್ಟಿದ್ದೆಲ್ಲ ಫಿಲ್ಮಿನಲ್ಲೇ ಇದೆ. ಫಿಲ್ಮಿಗೆ ಸೆಕೆ, ತೇವ, ಬೂಷ್ಟು ಎಲ್ಲ ವೈರಿಗಳೇ. ಅವನ್ನು ಸ್ಕ್ಯಾನ್ ಮಾಡಿ ಉಳಿಸಬೇಕು. ಆಫೀಸಿನ ಸ್ಕ್ಯಾನರ್ ಇದಕ್ಕಾಗದು. ಈ ಫಿಲ್ಮುಗಳ ಗಾಢ ಭಾಗದಲ್ಲಿ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಆಚೆ ಬರುತ್ತದೆ, ಬಿರುಕು ಅಡಗುವುದೂ ಅಂಥಲ್ಲೇ. ಲೇಸರ್ ಸ್ಕ್ಯಾನರ್ ಬೇಕು, ಒಂದೊಂದು ಫಿಲ್ಮಿನಲ್ಲೂ ತಂತಿ ಕಾಣುತ್ತದೆಯೇ ಎಂದು ಮತ್ತೆ ನೋಡಬೇಕು. ಆಮೇಲೆ ಆ ಫೈಲನ್ನು ಇನ್ನು ನಲವತ್ತು ವರ್ಷದ ಮೇಲೂ ತೆರೆಯುವ ಸಾಫ್ಟ್‌ವೇರ್ ಇರಬೇಕು. ನನ್ನ ಬಿ.ಇ. ಪ್ರಾಜೆಕ್ಟಿನ ಸಿಡಿ ಈಗ ತೆರೆಯುವುದಿಲ್ಲ. ಹಾಗಾಗಿ ಸ್ಕ್ಯಾನ್ ಆದ ಮೇಲೆ ಫಿಲ್ಮನ್ನು ಎಸೆಯಬಹುದೇ ಎಂಬ ಗಿರಾಕಿಯ ಪ್ರಶ್ನೆಗೆ ನಾವು ಕೊಟ್ಟಿರುವ ಉತ್ತರ ‘ಬೇಡ’ ಎಂದೇ.

ಒಂದು ವರ್ಕ್‌ಶಾಪಿನಿಂದ ಪ್ರಯೋಗಕ್ಕೆಂದು ಎರಡು ಪೆಟ್ಟಿಗೆ ಫಿಲ್ಮ್ ಬಂದಿದೆ. ಹಾಳೆಗಳ ನಡುವೆ ಕಾಗದ ಇಟ್ಟು ಜೋಡಿಸಿದ್ದಾರೆ, ಕೆಲವು ಒಂದಕ್ಕೊಂದು ಅಂಟಿಕೊಂಡಿವೆ. ಭದ್ರಾವತಿಯವರು ಹತ್ತಿಯ ಕೈಚೀಲ ಹಾಕಿಕೊಂಡು ಒಂದೊಂದನ್ನೇ ಬಿಡಿಸುತ್ತಿದ್ದಾರೆ. ಕೆಲಸ ಮುಗಿಯಲು ನಾಲ್ಕು ತಿಂಗಳು ಬೇಕೆಂದು ನಾನು ಲೆಕ್ಕ ಹಾಕಿ ಕಳಿಸಿದೆ. ಅವರು ಅದನ್ನು ನೋಡಿ ಆರು ಎಂದು ತಿದ್ದಿದರು.